ಕವಳಿ ಗಿಡಗಳ ಉಪವಾಸ

ಹಳಿಯಾಳದ ನಮ್ಮ ಕಡೆ ಕವಳಿ ಗಿಡವನ್ನು ಯಾರೂ ಬೆಳೆಯುವುದಿಲ್ಲ. ಅದು ಬೇಲಿಯಲ್ಲಿ ತಾನೇ ಹುಟ್ಟಿ, ದನ ತಡೆದು, ಬೇಸಿಗೆಯಲ್ಲಿ ಹುಳಿಸಿಹಿ ಹಣ್ಣು ಕೊಡುವ ಮುಳ್ಳುಕಂಟಿ. ಅಂಥದ್ದನ್ನು ನಾನು ಕಬ್ಬಿನ ಹೊಲದ ಪಕ್ಕದ ಅರ್ಧ ಎಕರೆಯಲ್ಲಿ ಸಾಲು ಹಿಡಿದು ನೆಟ್ಟಾಗ ಊರೆಲ್ಲ ನಕ್ಕಿತು. "ಸೊಸಿ ಬೇಲಿ ಹಚ್ಯಾಳ, ಇನ್ನ ಹೊಲಾ ಎಲ್ಲಿಂದ ತರ್ತಾಳ?" ಎಂದರು. ನಾನೋ ಹಟಮಾರಿ. ನಗಲಿ, ನಾಳೆ ಉಪ್ಪಿನಕಾಯಿಗೆ ಕಾಯಿ ಕೇಳಿಕೊಂಡು ನನ್ನ ಬಾಗಿಲಿಗೇ ಬರುತ್ತಾರೆ ಎಂದುಕೊಂಡೆ.

ಕಬ್ಬು ಬೆಳೆಯುವ ಮನೆಯವರಿಗೆ ಪ್ರೀತಿ ಎಂದರೆ ನೀರು. ಕಬ್ಬಿನ ನೀರನ್ನೇ ತಿರುಗಿಸಿ ಹಾಯಿಸಿದೆ, ಸಗಣಿ ಗೊಬ್ಬರ ಹಾಕಿದೆ. ಗಿಡಗಳು ಆಳೆತ್ತರ ಬೆಳೆದು ಮಿರಿಮಿರಿ ಮಿಂಚಿದವು. ಆದರೆ ನಾಲ್ಕು ವರ್ಷವಾದರೂ ಒಂದು ಬೊಗಸೆ ಕಾಯಿ ಬಿಡಲಿಲ್ಲ. ಮನೆಯ ಯಜಮಾನಿಕೆ ಅತ್ತೆಯದು. ಒಂದು ದಿನ ಹೇಳಿಯೇಬಿಟ್ಟರು.

"ಮುಂದಿನ ಬ್ಯಾಸಗಿಗೂ ಕಾಯಿ ಆಗ್ಲಿಲ್ಲಂದ್ರ ಕಿತ್ತ ಒಗದು ಕಬ್ಬ ಹಚ್ಚೂದ. ಮತ್ತ ಮಾತಿಲ್ಲ."

ಅದೇ ವಾರ ದಾಂಡೇಲಿ ಸಂತೆಯಲ್ಲಿ ಜೋಯಿಡಾ ಕಾಡಿನ ಕಡೆಯ ಮುದುಕಿಯೊಬ್ಬಳು ಎಲೆದೊನ್ನೆಯಲ್ಲಿ ಕವಳಿಹಣ್ಣು ಮಾರುತ್ತಿದ್ದಳು. ಅವಳೆದುರು ಕೂತೆ.

"ಆಯಿ, ನನ್ನ ಗಿಡ ಯಾಕ ಕಾಯಿ ಬಿಡವಲ್ವು?"

"ನೀರು ಹಾಕಿದ್ಯಾ?"

"ಹೂಂ, ಕಬ್ಬಿಗೆ ಹಾಕಿದಂಗ."

ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಹೊಟ್ಟೆ ತುಂಬಿದವ್ರು ಕೆಲ್ಸ ಮಾಡ್ತಾರಾ? ಮಳೆ ನಿಂತ ಮೇಲೆ ಉಪವಾಸ ಹಾಕು."

ಆ ಸಲ ಮಳೆಗಾಲ ಮುಗಿದದ್ದೇ ಪೈಪು ಸುತ್ತಿ ಅಟ್ಟಕ್ಕೆ ಹಾಕಿದೆ. ಒಂದು ಹನಿಯೂ ಕೊಡಬೇಡಿರೆಂದು ಮನೆಯವರಿಗೆಲ್ಲ ಹೇಳಿದೆ. ಸಂಕ್ರಾಂತಿ ದಾಟುವಷ್ಟರಲ್ಲಿ ಎಲೆ ಬಾಡಿ ಉದುರತೊಡಗಿದವು. "ಬಾಯಿಲ್ಲದ ಗಿಡಕ್ಕ ಹಿಂಗ ಮಾಡಿದ್ರ ಶಿವ ಮೆಚ್ಚತಾನೇನ?" ಎಂದು ಅತ್ತೆ ದಿನಾ ಗೊಣಗುತ್ತಿದ್ದರು.

ಶಿವರಾತ್ರಿಯ ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟವಳು ದಾರಿಯಲ್ಲೇ ನಿಂತೆ. ಮಲ್ಲಿಗೆಯಂಥ ವಾಸನೆ! ಸತ್ತೇಹೋದವೆಂದು ನಾನು ಅತ್ತಿದ್ದ ಕಂಟಿಗಳ ಮೈತುಂಬ ಬಿಳಿ ಹೂವು. ಅಯ್ಯೋ ಶಿವನೇ! ನಾನು ಕೊಟ್ಟಾಗ ಕೊಡದೆ, ಕಿತ್ತುಕೊಂಡಾಗ ಕೊಟ್ಟಿದ್ದವು. ಚಪ್ಪಲಿ ಬಿಟ್ಟು ಕೈಮುಗಿದೆ. ಬಾವಿಯ ಹತ್ತಿರದ ಒಂದು ಸಾಲು ಮಾತ್ರ ಹಚ್ಚಹಸಿರಾಗಿತ್ತು, ಒಂದು ಹೂವಿಲ್ಲ. ಬುಡದ ಮಣ್ಣು ಮುಟ್ಟಿ ನೋಡಿದೆ. ತಂಪಾಗಿತ್ತು.

ಕವಳಿ ಕೀಳುವುದು ಸುಲಭದ ಮಾತಲ್ಲ. ತೊಟ್ಟಿನಿಂದ ಹಾಲು ಸುರಿದು ಬೆರಳಿಗೆ ಬೆರಳು ಅಂಟುತ್ತದೆ, ಜೋಡಿಮುಳ್ಳು ತೋಳು ಗೀರುತ್ತದೆ. ಒಬ್ಬರು ಕವೆಗೋಲಿನಿಂದ ಟೊಂಗೆ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕೈಗೆ ಎಣ್ಣೆ ಸವರಿಕೊಂಡು ಕೀಳಬೇಕು. ಆ ಬೇಸಿಗೆ ಗಿಡದ ತುಂಬ ಕಾಯಿ ಬಂದಾಗ ಕೋಲು ಹಿಡಿದು ಬಂದವರು ಅತ್ತೆಯೇ. ಮೊದಲ ಬುಟ್ಟಿ ತುಂಬಿದ ಮೇಲೆ ಕೇಳಿದೆ.

"ಬಾವಿ ಕಡೆ ಸಾಲಿಗೆ ನೀರ ಹಾಕಿದವರು ನೀವ ಹೌದಲ್ರಿ, ಅತ್ತಿ?"

"ಕೊಡಾ ಹೊತ್ತ ಹಾಕೀನವ್ವ. ನೀರಡಿಸಿದ್ದನ್ನ ನೋಡಿಕೋಂತ ನಾ ಹೆಂಗ ಉಣ್ಣಲಿ? ನಡಾ ಗಟ್ಟಿ ಇದ್ದಿದ್ರ ಎಲ್ಲಾ ಸಾಲಿಗೂ ಹಾಕತಿದ್ದೆ."

"ಕಿತ್ತ ಒಗೀತೇನಿ ಅಂದವರೂ ನೀವ!"

"ಕಿತ್ತ ಒಗಿಯೂದು ಬ್ಯಾರೆ, ನೀರಡಿಸಿ ಸಾಯ್ಸೂದು ಬ್ಯಾರೆ," ಎಂದು ಮುಂದಿನ ಟೊಂಗೆ ಎತ್ತಿದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಹೊಲ ಉಳಿದದ್ದು ಅತ್ತೆಯ ನಡುನೋವಿನಿಂದ.

ಕಬ್ಬಿನ ಮಾತು ಮತ್ತೆ ಏಳಲಿಲ್ಲ. ಈಗಲೂ ಮಳೆ ನಿಂತರೆ ಗಿಡಗಳಿಗೆ ಉಪವಾಸ. ಅತ್ತೆಗೆ ಹೊಲದ ತನಕ ನಡೆಯಲಾಗುವುದಿಲ್ಲ, ಕಟ್ಟೆಯ ಮೇಲೆ ಕೂತು "ನೀರ ಹಾಕಿದಿ?" ಎಂದು ಕೇಳುತ್ತಾರೆ. ಒಂದೂ ಕಾಯಿ ಬಿಡದ ಆ ಸಾಲಿಗೆ ನಾನೇ ಕೊಡ ಹೊತ್ತು ನೀರು ಹಾಕಿ ಬರುತ್ತೇನೆ.