ಎರಡು ರಾಜ್ಯಕ್ಕೂ ಸಲ್ಲದ ಏಜೆಂಟು

೨೦೧೮ರ ಮಾತು. ನನ್ನ ಯಜಮಾನರ ಕಾರ್ಖಾನೆ ಹೊಸೂರಿನಿಂದ ಅತ್ತಿಬೆಲೆಗೆ ಬಂದಾಗ ನಾವೂ ಮನೆ ಬದಲಾಯಿಸಿದೆವು. ದಾರಿ ಹತ್ತಿರದ್ದೇ, ಆದರೆ ರಾಜ್ಯ ಬೇರೆ. ಹೊಸೂರಿನಲ್ಲಿ ನಾನು ಫ್ಲ್ಯಾಟ್ ಮಾರಿಸುವ ಏಜೆಂಟಾಗಿದ್ದೆ. ರೇರಾ ಕಾನೂನು ಬಂದ ಮೇಲೆ ಆ ಕೆಲಸಕ್ಕೆ ಸರ್ಕಾರಿ ನೋಂದಣಿ ಬೇಕೇ ಬೇಕು. ತಮಿಳುನಾಡಿನದು ನನ್ನ ಹತ್ತಿರವಿತ್ತು.

ಗಡಿಯ ಜನಕ್ಕೆ ಗಾಡಿಯ ನಂಬರು ಬದಲಾಯಿಸಿ ಅಭ್ಯಾಸ. ಅಲ್ಲಿಂದ ಎನ್‌ಓಸಿ ತಂದರೆ ಇಲ್ಲಿ ಹೊಸ ನಂಬರು. ನನ್ನ ಸ್ಕೂಟರಿಗೂ ಹಾಗೇ ಮಾಡಿಸಿದ್ದೆ. ನೋಂದಣಿಯೂ ಅಷ್ಟೇ ಇರಬೇಕೆಂದು ಯಾರನ್ನೂ ಕೇಳದೆ ತಮಿಳುನಾಡಿನದನ್ನು ರದ್ದು ಮಾಡಿಸಿಕೊಂಡು ಜಂಬದಿಂದ ಬಂದೆ.

ಅತ್ತಿಬೆಲೆಯ ಹಳೆಯ ಬ್ರೋಕರ್ ಮುನಿಯಪ್ಪಣ್ಣನಿಗೆ ಇದನ್ನು ಹೇಳಿದಾಗ ಅವರು ಕುಡಿಯುತ್ತಿದ್ದ ಟೀ ನೆತ್ತಿಗೇರಿತು.

"ಅಯ್ಯೋ ನಮ್ಮಮ್ಮಾ, ಇದೇನು ಸ್ಕೂಟ್ರಾ? ಇದು ವರ್ಗ ಆಗಾಕಿಲ್ಲ. ಇಲ್ಲಿ ಒಸದಾಗೇ ಅರ್ಜಿ ಆಕ್ಬೇಕು. ಅಲ್ಲೀದು ಅಲ್ಲೇ ಇರ್ತಿತ್ತಲ್ಲ, ಯಾಕ್ ಕಳ್ಕೊಂಡೆ?"

ಅಲ್ಲೂ ಇಲ್ಲ, ಇಲ್ಲೂ ಇಲ್ಲ. ತ್ರಿಶಂಕು ಆಗಿಬಿಟ್ಟೆ!

ಅಂದೇ ಅರ್ಜಿ ಹಾಕಿದೆ. ಆದರೆ ನನ್ನ ಚಿಂತೆಯೆಲ್ಲ ಸರೋಜಾಳದು. ಬಾಗಲಕೋಟೆ ಕಡೆಯ ಸರೋಜಾ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಮಂಡಿನೋವಿನ ಅತ್ತೆಗಾಗಿ ನೆಲಮಹಡಿಯ ಫ್ಲ್ಯಾಟೇ ಬೇಕೆಂದು ಹುಡುಕಿ ಹುಡುಕಿ, ನೋಂದಣಿ ನಂಬರು ಇಂದೋ ನಾಳೆಯೋ ಬರುತ್ತದೆಂದು ನಂಬಿಕೊಂಡಿದ್ದ ನಾನು ತೋರಿಸಿದ್ದನ್ನು ಒಪ್ಪಿದ್ದಳು. ಆ ಕಟ್ಟಡದ ನೆಲಮಹಡಿಯಲ್ಲಿ ಉಳಿದಿದ್ದದ್ದು ಅದೊಂದೇ. ನೋಂದಣಿಯಿಲ್ಲದೆ ನಾನು ವ್ಯವಹಾರ ಮಾಡಿಸುವಂತಿಲ್ಲ. ಕಾಯುತ್ತಾ ಕೂತರೆ ಬೇರೆಯವರು ಕೊಂಡುಬಿಡುತ್ತಾರೆ.

ಮನಸ್ಸು ಗಟ್ಟಿ ಮಾಡಿಕೊಂಡು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ಮುನಿಯಪ್ಪಣ್ಣನ ಹತ್ರ ನೋಂದಣಿ ಇದೆ. ನಾಳೇನೇ ಅವ್ರ ಜೊತೆ ಹೋಗಿ ಬುಕ್ ಮಾಡ್ಬಿಡಿ. ಮನೆ ಕೈ ತಪ್ಪೋದು ಬೇಡ." ಹೊಸ ಊರಿನ ಮೊದಲ ಗಿರಾಕಿಯನ್ನು ನಾನೇ ಕೈಯಾರೆ ಬಿಟ್ಟುಕೊಟ್ಟಿದ್ದೆ.

 ಅವಳು, "ನಾಳೆ ಹ್ಯಾಂಗ ಆಕ್ಕೈತ್ರಿ ಅಕ್ಕಾರ? ಆಷಾಢ ಬಂತಲ್ಲ! ಈಗ ಮನಿ ಮಾತು ಎತ್ತಿದ್ರ ನಮ್ಮತ್ತಿ ಬೈತಾರ. ಶ್ರಾವಣದಾಗ ನೋಡೂಣು" ಎಂದಳು.

ನಿಜವೇ. ಆಷಾಢದಲ್ಲಿ ಮನೆ ಕೊಳ್ಳುವವರು ಕಡಿಮೆ. ಏಜೆಂಟರೆಲ್ಲ ನೊಣ ಹೊಡೆಯುತ್ತಾ ಶಪಿಸುವ ಆ ತಿಂಗಳಿಗೆ ನಾನು ಕೈಮುಗಿದೆ. ಆದರೂ ಆ ಕಟ್ಟಡದ ಮುಂದೆ ಯಾರದಾದರೂ ಕಾರು ನಿಂತರೆ ಅದು ಹೋಗುವ ತನಕ ನಾನೂ ಅಲ್ಲೇ ನಿಂತಿರುತ್ತಿದ್ದೆ. ದೇವರು ದೊಡ್ಡವನು, ಆಷಾಢ ಕಳೆಯುವುದರೊಳಗೆ ಕರ್ನಾಟಕದ ನೋಂದಣಿ ಬಂತು. ಫ್ಲ್ಯಾಟೂ ಉಳಿದಿತ್ತು.

ಶ್ರಾವಣದ ಮೊದಲ ಶುಕ್ರವಾರ ಬುಕಿಂಗ್ ಆಯಿತು. ಸರೋಜಾ ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಪೇಡ ಹಂಚುತ್ತಾ ಅವರಿಗೆ ಹೇಳಿದೆ: "ಅಮ್ಮಾ, ನೀವು ಆಷಾಢ ನೋಡಿದ್ದಕ್ಕೆ ನಾನು ಬದುಕಿಕೊಂಡೆ."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು. "ಯಾವ ಆಷಾಢನ ತಂಗಿ? ನನ್ನ ಮಗನ ಲಗ್ನಾನ ಆಷಾಢದಾಗ ಮಾಡೇನಿ! ನಿನ್ನ ನಂಬರ್ ಬರೂತನಕ ಕಾಯೂಣು ಅಂತ ಇಕಿನ ಹಟ ಹಿಡದಿದ್ಲು."

ಸರೋಜಾ ನಾಚಿಕೊಂಡು ಇಡೀ ಪೇಡವನ್ನು ಬಾಯಿಗೆ ತುರುಕಿಕೊಂಡಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಷ್ಟೋ ದಿನ ಹುಡುಕಿ ಸಿಕ್ಕಿದ ಮನೆಯನ್ನು, ಪರಿಚಯವಾಗಿ ಇನ್ನೂ ಸರಿಯಾಗಿ ಎರಡು ತಿಂಗಳಾಗದ ನನಗಾಗಿ ಪಣಕ್ಕಿಟ್ಟಿದ್ದಳು ಆ ಪುಣ್ಯಾತ್ಗಿತ್ತಿ.

ಈಗಲೂ ಆಷಾಢ ಬಂತೆಂದರೆ ಏಜೆಂಟರೆಲ್ಲ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಪೇಡ ಕಟ್ಟಿಸಿಕೊಂಡು ಸರೋಜಾಳ ಮನೆಗೆ ಹೊರಡುತ್ತೇನೆ.