ಹುಣಸೆಗೆ ಬಿದ್ದ ಮುದ್ರೆ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹುಣಸೆಯ ಕರೆ ಹಿಡಿದು ಕಪ್ಪಾಗಿದ್ದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳುಗಳಲ್ಲಿ ಹಣ್ಣನ್ನು ಒತ್ತಿ, ನಾಲಿಗೆಗೆ ಮುಟ್ಟಿಸಿ, ಅದು ಯಾರ ಹೊಲದ ಮರದ್ದು ಎಂದು ಹೇಳುತ್ತಿದ್ದರು. ತಪ್ಪಿದ್ದು ನನಗೆ ನೆನಪಿಲ್ಲ.

ಶಿರಾದಿಂದ ಬಡವನಹಳ್ಳಿ ಸುತ್ತಿನ ಹಳ್ಳಿಗಳಿಗೆ ಹುಣಸೆ ಕೊಳ್ಳಲು ಬರುತ್ತಿದ್ದ ಅವರನ್ನು ನಮ್ಮೂರಲ್ಲಿ ಎಲ್ಲರೂ ಸಾಬ್ರು ಎಂದೇ ಕರೆಯುತ್ತಿದ್ದರು. ನಮ್ಮದು ಲಿಂಗಾಯತರ ಮನೆ. ಅಪ್ಪನ ಪೂಜೆ ಮುಗಿಯುವವರೆಗೆ ಸಾಬ್ರು ಜಗಲಿಯ ಮೇಲೆ ಕೂತಿರುತ್ತಿದ್ದರು. "ನಿಧಾನಕ್ಕೆ ಆಗ್ಲಿ ಬುಡಮ್ಮ, ಹುಣಸೆ ಎಲ್ಲಿಗೂ ಓಡೋಗಲ್ಲ" ಎನ್ನುತ್ತಿದ್ದರು. ಅವರ ನಮಾಜಿನ ಹೊತ್ತಾದರೆ ಅಪ್ಪ ತೂಕ ನಿಲ್ಲಿಸಿ ಚಾಪೆ ಕೊಡುತ್ತಿದ್ದ. ಇದಕ್ಕೆ ಯಾರೂ ಸೌಹಾರ್ದ ಎಂದು ಹೆಸರಿಟ್ಟಿರಲಿಲ್ಲ.

ಮುಂದೆ ನಾನು ಹುಣಸೆ ಬೀಜ ಬಿಡಿಸುವ ಹೆಂಗಸರ ಸಂಘ ಕಟ್ಟಿದೆ. ಸಣ್ಣ ಸಂಘಗಳೂ ನೇರವಾಗಿ ರಫ್ತು ಮಾಡಬಹುದೆಂದು ದೊಡ್ಡವರು ಭಾಷಣ ಮಾಡತೊಡಗಿದ್ದ ಕಾಲ. ತರಬೇತಿಯಲ್ಲಿ ನಮಗೆ ಸಿಕ್ಕಿದ್ದು ಒಂದು ಫೈಲು, ಒಂದು ಊಟ. ದಾರಿ ತೋರಿಸಿದವರು ಸಾಬ್ರು. ತಮ್ಮಿಂದ ಹಣ್ಣು ಕೊಳ್ಳುತ್ತಿದ್ದ ದುಬೈ ವ್ಯಾಪಾರಿಯನ್ನೇ ನಮಗೆ ಬಿಟ್ಟುಕೊಟ್ಟರು. ಯಾವ ವ್ಯಾಪಾರಿ ಹಾಗೆ ಮಾಡುತ್ತಾನೆ ಹೇಳಿ.

ದುಬೈಯವನು ಪೊಟ್ಟಣದ ಮೇಲೆ ಹಲಾಲ್ ಮುದ್ರೆ ಬೇಕೆಂದ. ಸಾಬ್ರಿಗೆ ನಗು ತಡೆಯಲಾಗಲಿಲ್ಲ. "ಹುಳೀಗೆ ಯಾವ ಜಾತಿ ಕಣಮ್ಮ? ಕೊಳ್ಳೋನು ಕೇಳ್ತಾವ್ನೆ. ಹಾಕ್ಸಿದ್ರೆ ಹಾಕ್ಸು, ಇಲ್ದಿದ್ರೆ ಬುಡು, ನಿನ್ನಿಷ್ಟ." ನಾನೇ ಯೋಚಿಸಿ ಒಪ್ಪಿದೆ. ಅರ್ಜಿಗೆ ಸಹಿ ಹಾಕಿದವಳೂ ನಾನೇ.

ಪೊಟ್ಟಣದ ಫೋಟೋ ಯಾರದೋ ವಾಟ್ಸಾಪಿನಲ್ಲಿ ಹರಿದಾಡಿತು. ಮಾರನೆಯ ದಿನ ದೇವಸ್ಥಾನದ ಮುಂದೆ ಪಂಚಾಯ್ತಿ ಸೇರಿತು. ಊರ ಯಜಮಾನರು ಸಾಬ್ರನ್ನು ಕರೆಸಿ ನಿಲ್ಲಿಸಿದರು. ನಲವತ್ತು ವರ್ಷ ಜಗಲಿಯ ಮೇಲೆ ಕೂತವರನ್ನು ಅಂದು ಕೂರು ಎನ್ನಲಿಲ್ಲ. "ನಮ್ಮ ಹೆಂಗಸ್ರ ತಲೆ ಕೆಡ್ಸಿ ಈ ಮುದ್ರೆ ಹಾಕ್ಸಿದ್ದು ನೀನೇ ತಾನೇ?" ಎಂದರು.

ಸಾಬ್ರು ನನ್ನ ಕಡೆ ನೋಡಿದರು. ನಿಜ ಹೇಳಿದರೆ ಸಂಘ ಮುಚ್ಚಿಸುತ್ತಾರೆ ಎಂದು ಹೆದರಿದ್ದೆ.

"ಹೂಂ, ನಾನೇ ಹಾಕ್ಸಿದ್ದು. ಆಯಮ್ಮಂಗೆ ಏನೂ ಗೊತ್ತಿಲ್ಲ" ಎಂದರು.

ಇನ್ನು ಈ ಊರಿಗೆ ಕಾಲಿಡಬೇಡ ಎಂದರು ಯಜಮಾನರು. ಸಾಬ್ರು ಹೋದರು. ಹಣ್ಣೂ ದುಬೈಗೆ ಹೋಯಿತು, ಅದೇ ಮುದ್ರೆಯೊಂದಿಗೆ. ಅದರಲ್ಲಿ ಯಜಮಾನರ ಮರಗಳ ಹಣ್ಣೂ ಇತ್ತು. ಒಳ್ಳೆಯ ರೇಟು ಬಂದಿತ್ತು ನೋಡಿ, ಆಗ ಅವರ ಧರ್ಮಕ್ಕೆ ಏನೂ ಆಗಲಿಲ್ಲ. ಥೂ, ಇವರ ಧರ್ಮಕ್ಕಿಷ್ಟು.

ಮರುವರ್ಷ ಮಧುಗಿರಿಯಲ್ಲಿ ಸರ್ವಧರ್ಮ ಸಂವಾದ ನಡೆಯಿತು. ಸಾಬ್ರಿಗೆ ಶಾಲು ಹೊದಿಸಿದವರು ಅದೇ ಯಜಮಾನರು. ಫೋಟೋಗೆ ಚೆನ್ನಾಗಿ ಕಾಣಲೆಂದು ಯಾರೋ ಹೊಸ ಟೋಪಿಯನ್ನೂ ತಂದು ತಲೆಗಿಟ್ಟರು. ಎರಡು ಮಾತಾಡಿ ಎಂದಾಗ ಸಾಬ್ರು ಹೇಳಿದ್ದು ಇಷ್ಟೇ: "ಇವ್ರೂರ ಜಗಲಿ ಮೇಲೆ ಕೂತು ನಲವತ್ತು ವರ್ಸ ಮಾತಾಡಿದ್ದೆ. ಈಗ ಮೈಕ್ ಬೇಕಾಯ್ತು." ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೈ ಕಡಿದುಹಾಕಬೇಕು ಅನ್ನಿಸುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಶಿರಾಕ್ಕೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಕೇಳಿದರು, "ನಿಮ್ಮೂರಿಗೆ ಯಾಕೆ ಹೋಗಲ್ಲ ಅಂದ್ರೆ ಕಾಲುನೋವು ಅಂತಿದ್ರು. ನಿಜಾನಾ ಅಮ್ಮಾ?"

ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಆಕೆ ಬೈಯಲಿಲ್ಲ.

"ಇದ್ನ ನಿಮ್ಮೂರಲ್ಲಿ ಹೇಳಿದೀರಾ?" ಎಂದರು.

ಹೇಳಿರಲಿಲ್ಲ. ಈಗ ಬರೆದು ಹೇಳುತ್ತಿದ್ದೇನೆ. ಯಜಮಾನರೂ ಓದಲಿ, ಬೇಕಾದರೆ ಸಂಘಕ್ಕೆ ಬೀಗ ಜಡಿಯಲಿ. ಆ ಸಹಿ ನನ್ನದು.