ಪಾತ್ರೆಗೆ ಅಂಟಿದ ಹೆಸರು

ಚರ್ಚಿನ ಹೆಂಗಸರು ಆರ್ಲೀಟಾ ಸ್ಟಬಲ್‌ಫೀಲ್ಡ್ ಅವರ ಪಾತ್ರೆಗಳನ್ನೆಲ್ಲ ತೊಳೆದು, ಒರೆಸಿ, ಖಾಲಿಯಾಗಿ ಅವರ ಮನೆಯ ಮೆಟ್ಟಿಲ ಮೇಲಿಟ್ಟು ಹೋದರು. ಬಾಗಿಲು ತಟ್ಟಲಿಲ್ಲ.

ಅದಾಗಿ ಎರಡು ವರ್ಷವಾಗಿದೆ. ಇವತ್ತು ಶನಿವಾರ, ಇನ್ನೂ ಬೆಳಕು ಹರಿದಿಲ್ಲ. ಪೈನಿ ಫೋರ್ಕ್ ಎಂಬ ಈ ಸಣ್ಣ ಊರಿನ ಮುಖ್ಯರಸ್ತೆಯಲ್ಲಿ ದೀಪ ಹೊತ್ತಿರುವುದು ಎರಡೇ ಕಡೆ, ಪೆಟ್ರೋಲ್ ಬಂಕಿನಲ್ಲಿ ಮತ್ತು ಜನ ಕಾಸು ಹಾಕಿ ತಾವೇ ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಯಲ್ಲಿ. ಲಾಂಡ್ರಿಯೊಳಗೆ, ಅಲ್ಲಿ ಕೆಲಸಕ್ಕಿರುವ ಅರವತ್ತಮೂರರ ಆರ್ಲೀಟಾ ಮಂಡಿಯೂರಿ ಕೂತು, ಬಟ್ಟೆ ಒಣಗಿಸುವ ಡ್ರೈಯರ್‌ಗಳ ಜಾಲರಿ ಎಳೆದು, ಅದಕ್ಕೆ ಅಂಟಿದ ಬೂದುಬಣ್ಣದ ನಾರನ್ನು ಹಾಳೆಯ ಹಾಗೆ ಸುಲಿಯುತ್ತಿದ್ದಾರೆ. ಕೋಳಿ ಕಾರ್ಖಾನೆಯ ರಾತ್ರಿ ಪಾಳಿಯವರು ಇನ್ನೇನು ಬರುತ್ತಾರೆ. ಅವರ ಬಟ್ಟೆಯ ವಾಸನೆ ಒಂದೇ ಒಗೆತಕ್ಕೆ ಹೋಗುವುದಿಲ್ಲ. ಅವರಿಗೆಂದೇ ಮೂಲೆಯ ಎರಡು ಯಂತ್ರಗಳನ್ನು ಆರ್ಲೀಟಾ ಮೊದಲೇ ಬಿಸಿನೀರು ಓಡಿಸಿ ಸಿದ್ಧಮಾಡಿಟ್ಟಿರುತ್ತಾರೆ. ಹಾಗೆ ಮಾಡು ಎಂದು ಮಾಲೀಕ ಹೇಳಿಲ್ಲ. ಮಾಡುತ್ತಿರುವುದು ಅವನಿಗೆ ಗೊತ್ತೂ ಇಲ್ಲ.

ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಮೇಲೆ ಟವೆಲ್ ಸುತ್ತಿದ ಒಂದು ಅಗಲದ ಗಾಜಿನ ಪಾತ್ರೆ ಇದೆ. ಒಳಗಿರುವುದು ಕೋಳಿ ಮತ್ತು ಡ್ರೆಸ್ಸಿಂಗ್. ಮೆಕ್ಕೆಜೋಳದ ಬ್ರೆಡ್ಡನ್ನು ಪುಡಿಮಾಡಿ, ಈರುಳ್ಳಿ ಸೆಲೆರಿ ಹಾಕಿ, ಕೋಳಿಯ ಸಾರಿನಲ್ಲಿ ಕಲಸಿ, ಮೇಲೆ ಕೆಂಪಗಾಗುವವರೆಗೆ ಓವನ್‌ನಲ್ಲಿ ಬೇಯಿಸಿದ್ದು. ಇದನ್ನು ಒಯ್ಯಲು ಚರ್ಚಿನಿಂದ ಒಬ್ಬರು ಬರಬೇಕಾಗಿದೆ. ಆರ್ಲೀಟಾ ಆಗಾಗ ಬೀದಿಯ ಕಡೆ ನೋಡುತ್ತಾರೆ. ನೋಡಿದ್ದನ್ನು ಕೇಳಿದರೆ ಒಪ್ಪಿಕೊಳ್ಳುವುದಿಲ್ಲ.

ಈ ಊರಿನಲ್ಲಿ ಯಾರೇ ಸತ್ತರೂ ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಮೂವತ್ತು ವರ್ಷ ಆ ಅಡುಗೆಮನೆಯಲ್ಲಿ ನಿಂತವರು ಆರ್ಲೀಟಾ. ಕೂಲಿ ಕೊಟ್ಟವರಿಲ್ಲ, ಇವರು ಕೇಳಲಿಲ್ಲ. ಹೆಂಗಸರ ದುಡಿಮೆಗೆ ಸೇವೆ ಎಂದು ಹೆಸರಿಟ್ಟುಬಿಟ್ಟರೆ ಕೂಲಿಯ ಮಾತೇ ಏಳುವುದಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಯಾರ ಕಾಲು ಮುರಿಯಲಿ, ಇವರ ಪಾತ್ರೆ ಅಲ್ಲಿಗೆ ಹೋಗುತ್ತಿತ್ತು. ಎಲ್ಲರ ಪಾತ್ರೆಗಳೂ ಒಂದೇ ಅಂಗಡಿಯವು, ಒಂದೇ ತರಹದವು. ಅದಕ್ಕೇ ಪ್ರತಿಯೊಬ್ಬಳೂ ತನ್ನ ಪಾತ್ರೆಯ ತಳಕ್ಕೊಂದು, ಮುಚ್ಚಳಕ್ಕೊಂದು ಬಿಳಿ ಟೇಪು ಅಂಟಿಸಿ ಹೆಸರು ಬರೆದಿರುತ್ತಾಳೆ. ಪಾತ್ರೆ ಹಿಂದಕ್ಕೆ ಬರುವಾಗ ಅದರೊಳಗೆ ಏನಾದರೂ ಇರಲೇಬೇಕು. ಹಿತ್ತಲ ನಾಲ್ಕು ಟೊಮೆಟೊ, ಒಂದು ಸೀಸೆ ಉಪ್ಪಿನಕಾಯಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಪುದೀನ.

"ಖಾಲಿ ಕಳಿಸೋದು ಅಂದ್ರೆ ಇನ್ಮೇಲೆ ನಿಂಗೂ ನಮಗೂ ಏನೂ ಇಲ್ಲ ಅಂತ" ಎನ್ನುತ್ತಾರೆ ಆರ್ಲೀಟಾ. "ಬೈದಿದ್ರೆ ತಿರುಗಿಸಿ ಬೈಬೋದಿತ್ತು. ಬೈಲಿಲ್ಲವಲ್ಲ. ತೊಳೆದು ಇಟ್ಟು ಹೋದ್ರು."

ಅವರು ಮಾಡಿದ ತಪ್ಪೇನು? ಹೆಂಗಸರ ಬುಧವಾರದ ಬೈಬಲ್ ತರಗತಿಯಲ್ಲಿ, ಆ ವಾರ ದೇವರು ತನಗೇನು ಮಾಡಿದ ಎಂದು ಒಬ್ಬೊಬ್ಬರಾಗಿ ಹೇಳಬೇಕಿತ್ತು. ಸರದಿ ಬಂದಾಗ ಆರ್ಲೀಟಾ, "ಅಲ್ಲಿ ಯಾರೂ ಇಲ್ಲ ಅಂತ ನಂಗೆ ಅನ್ಸುತ್ತೆ. ತುಂಬ ದಿನದಿಂದ ಅನ್ಸಿದೆ" ಎಂದರು. ಆಗ ಚರ್ಚಿನ ಅಡುಗೆಮನೆಯ ಯಜಮಾನಿಕೆ ಮಾಡುವ ನೆಲ್ಡಾ ಕ್ರೌಚ್, "ಸಕ್ಕರೆ ಇಳಿದಿದೆಯೇನೇ ನಿಂಗೆ? ಯಾರಾದ್ರೂ ಇವಳಿಗೊಂದು ಲೋಟ ಜ್ಯೂಸ್ ಕೊಡಿ" ಅಂದರಂತೆ.

"ಕುಡಿದೆ" ಎಂದು ಆರ್ಲೀಟಾ ನಗುತ್ತಾರೆ. "ಕುಡಿದಾದ್ಮೇಲೂ ಹಾಗೇ ಅನ್ಸಿತು."

ಅನ್ನಿಸತೊಡಗಿದ್ದು ಒಂದು ಮಗುವಿನ ಮಣ್ಣಿನ ದಿನ. ಅಡುಗೆಮನೆಗೂ ಸಭೆಯ ಕೋಣೆಗೂ ನಡುವೆ ಬಡಿಸಲು ಒಂದು ಕಿಟಕಿ. ಆಚೆ ಪಾದ್ರಿ, ದೇವರ ತೋಟಕ್ಕೆ ಒಂದು ಹೂವು ಬೇಕಾಗಿತ್ತು, ಅದಕ್ಕೇ ಮಗುವನ್ನು ಕರೆಸಿಕೊಂಡ ಎಂದು ತಾಯಿಗೆ ಸಮಾಧಾನ ಹೇಳುತ್ತಿದ್ದರು. ಈಚೆ ಆರ್ಲೀಟಾ ಹಂದಿಮಾಂಸ ಕೊಯ್ಯುತ್ತಿದ್ದರು.

"ಕೈ ನಿಂತೋಯ್ತು. ಅಷ್ಟು ದೊಡ್ಡ ತೋಟ ಇಟ್ಕೊಂಡೋನು ತಾನೇ ಬೆಳ್ಕೋಬಾರ್ದಾ ಒಂದು ಹೂವನ್ನ? ಆ ತಾಯಿಯ ಮುಖ ನೋಡ್ದೆ. ಅವಳು ಹೂಂ ಅಂತ ತಲೆ ಆಡಿಸ್ತಾ ಇದ್ಲು. ಆಡಿಸ್ದೆ ಇದ್ರೆ ನಾವು ಬಿಡ್ತಿದ್ವಾ?"

ಆಮೇಲೂ ಎಂಟು ವರ್ಷ ಅವರು ಬಡಿಸಿದರು. ನಂಬಿಕೆ ಹೋದವರು ಮರುದಿನವೇ ಎದ್ದು ಹೋಗಬೇಕು ಎನ್ನುವವರು ಇಂಥ ಊರಿನಲ್ಲಿ ಬಾಳಿದವರಲ್ಲ. ಚರ್ಚು ಬಿಟ್ಟರೆ ಬಿಡುವುದು ದೇವರನ್ನು ಮಾತ್ರವಲ್ಲ. ಮಗ್ಗಿಯ ಪುಸ್ತಕದ ಕಾಲದಿಂದ ಜೊತೆಗಿದ್ದ ಗೆಳತಿಯರು, ಕಾರು ಕೆಟ್ಟರೆ ಕರೆಯುವ ನಂಬರು, ಮೈ ಹುಷಾರಿಲ್ಲದಾಗ ಬಾಗಿಲಿಗೆ ಬರುವ ಬಿಸಿ ಊಟ, ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಹೋದವು. ಪಾತ್ರೆಗಳು ಬಂದ ಚಳಿಗಾಲದಲ್ಲೇ ಗಂಡ ಡೆಲ್ಬರ್ಟ್ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಡೆಲ್ಬರ್ಟ್ ಚರ್ಚು ಬಿಟ್ಟಿರಲಿಲ್ಲ. ಇವತ್ತಿಗೂ ಬಿಟ್ಟಿಲ್ಲ, ಪ್ರತಿ ಭಾನುವಾರ ಅದೇ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ. ಆದರೂ ಅವರ ಮನೆಗೆ ಒಂದು ತಟ್ಟೆ ಊಟ ಬರಲಿಲ್ಲ. ಹೆಂಡತಿಯ ಅವಿಶ್ವಾಸಕ್ಕೆ ಗಂಡನ ಹೊಟ್ಟೆಗೆ ದಂಡ.

"ನಾನು ಇನ್ನೂ ನಂಬ್ತೀನಿ ಅಂತ ಯಾರಾದ್ರೂ ಹೇಳಿ ಅವರಿಗೆ" ಎಂದು ಡೆಲ್ಬರ್ಟ್ ಹಾಸಿಗೆಯಿಂದ ಕೂಗುತ್ತಿದ್ದರಂತೆ. "ನಂಬ್ತೀನಿ, ಹಸಿವೂ ಆಗುತ್ತೆ!"

ಆಗ ಬಂದವರು ಲಾಂಡ್ರಿಯವರು. ಬುಧವಾರದ ಘಟನೆಯ ನಂತರ ಆರ್ಲೀಟಾ ಭಾನುವಾರವೂ ಕೆಲಸಕ್ಕೆ ಬರತೊಡಗಿದ್ದರು. ಭಾನುವಾರ ಹತ್ತೂವರೆಗೆ, ಊರೆಲ್ಲ ಚರ್ಚಿನಲ್ಲಿರುವಾಗ, ಪೈನಿ ಫೋರ್ಕ್‌ನ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬಟ್ಟೆಯ ಗಂಟು ಹೊತ್ತು ಬರುವವರು ಯಾರು ಎಂದು ಕೇಳಬೇಕಾಗಿಯೇ ಇಲ್ಲ. ಮೊದಲ ವಾರಗಳಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಹೋಯ್ಟ್ ಗ್ಯಾರಿಸನ್ ಎಂಬ ಮುದುಕ ಒಂದು ದಿನ ಪತ್ರಿಕೆಯಿಂದ ತಲೆ ಎತ್ತದೆಯೇ ಕೇಳಿದರು: "ಏನಮ್ಮಾ, ಚರ್ಚಿಗೆ ಹೊತ್ತಾಗಲಿಲ್ವಾ ನಿಂಗೆ?"

"ನಿಮಗೆ?"

"ನಂಗೆ ನಲವತ್ತು ವರ್ಷದಿಂದ ಹೊತ್ತಾಗ್ತಾನೇ ಇದೆ."

ಅಷ್ಟೇ ಆರಂಭ. ವೃದ್ಧಾಶ್ರಮದಲ್ಲಿ ಆಯಾ ಆಗಿರುವ ಮಾರಿಸೆಲಾ, ತಾನು ಚರ್ಚಿಗೆ ಹೋಗದ್ದು ತಾಯಿಗೆ ತಿಳಿಯಬಾರದೆಂದು ಬೈಬಲನ್ನು ಬಟ್ಟೆಯ ಬುಟ್ಟಿಯಲ್ಲೇ ಇಟ್ಟುಕೊಂಡು ಬರುವವಳು, ಎರಡನೆಯವಳಾಗಿ ಸೇರಿದಳು. ಮತ್ತೆ ಇಬ್ಬರು ಮೂವರು ಬಂದರು. ಸಂಘವಿಲ್ಲ, ಚಂದಾ ಇಲ್ಲ. ಒಗೆಯುವ ಯಂತ್ರ ತಿರುಗುವಷ್ಟು ಹೊತ್ತು ಮಾತು.

ಡೆಲ್ಬರ್ಟ್ ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಇವರೆಲ್ಲ ಬೇರೆಬೇರೆಯಾಗಿ ಬಾಗಿಲಿಗೆ ಬಂದರು. ಎಲ್ಲರ ಕೈಯಲ್ಲೂ ಆಲೂಗಡ್ಡೆ ಸಲಾಡ್. ಯಾರು ಏನು ತರಬೇಕು ಎಂದು ಚರ್ಚಿನಲ್ಲಿ ನೆಲ್ಡಾ ಫೋನ್ ಮಾಡಿ ಹಂಚುತ್ತಾರೆ. ಇವರಿಗೆ ಹಂಚಲು ಯಾರಿದ್ದರು? ಹೋಯ್ಟ್ ತಂದದ್ದಂತೂ ಅಂಗಡಿಯದು. ಬೆಲೆಯ ಚೀಟಿ ಕಿತ್ತು, ಮನೆಯ ಬಟ್ಟಲಿಗೆ ಸುರಿದುಕೊಂಡು, ತಾನೇ ಮಾಡಿದ್ದು ಎಂದು ಆಣೆ ಇಟ್ಟರಂತೆ.

"ಯಾರ ಮೇಲೆ ಆಣೆ ಇಟ್ರಿ ಅಂತ ಕೇಳ್ದೆ" ಎನ್ನುತ್ತಾರೆ ಆರ್ಲೀಟಾ. "ಚಮಚ ಎಲ್ಲಿದೆ ಅಂದ್ರು."

ಒಂದು ವಾರ ಮನೆಯಲ್ಲಿ ಅದೇ ಊಟ. ಮರುಭಾನುವಾರ ಆರ್ಲೀಟಾ ಡ್ರೈಯರ್‌ಗೆ ಒರಗಿ ನಿಂತು ಎಲ್ಲರಿಗೂ ಪಾಠ ಮಾಡಿದರು: ಒಬ್ಬರು ಮಾಂಸ, ಒಬ್ಬರು ಕಾಯಿಪಲ್ಲೆ, ಒಬ್ಬರು ಸಿಹಿ. ಮೊದಲ ದಿನವೇ ಎಲ್ಲರೂ ನುಗ್ಗಬಾರದು, ಮೂರನೇ ವಾರಕ್ಕೂ ಯಾರಾದರೂ ಉಳಿದಿರಬೇಕು. ಪಾತ್ರೆಗೆ ಹೆಸರು ಅಂಟಿಸಿ. ಖಾಲಿ ಹಿಂತಿರುಗಿಸಬೇಡಿ. "ಇದಕ್ಕೆ ದೇವರು ಬೇಡ, ಫೋನು ಬೇಕು" ಎಂದರಂತೆ. ಅಂದಿನಿಂದ ಹಂಚುವ ಫೋನು ಇವರದೇ. ಕೋಳಿ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವನ ಮನೆಗೆ, ಗಂಡ ಬಿಟ್ಟುಹೋದವಳ ಮನೆಗೆ ಊಟ ಹೋಗಿದೆ. ತಿಂದವರಲ್ಲಿ ಹೆಚ್ಚಿನವರು ದೇವರನ್ನು ನಂಬುವವರೇ.

ಮೊನ್ನೆ ಮಂಗಳವಾರ ನೆಲ್ಡಾ ಅವರ ಗಂಡ ವರ್ಜಿಲ್ ತೀರಿಕೊಂಡರು. ಇವತ್ತು ಮಣ್ಣು. ಗುರುವಾರ ಪಾದ್ರಿಯ ಎಳೆವಯಸ್ಸಿನ ಹೆಂಡತಿ ಕೆಂಡ್ರಾ ಲಾಂಡ್ರಿಗೆ ಬಂದು, ನೆಲ್ಡಾ ತಾವಾಗಿ ಏನೂ ಕೇಳಲಿಲ್ಲ, ಆದರೆ ವರ್ಜಿಲ್‌ಗೆ ಆರ್ಲೀಟಾ ಮಾಡುವ ಡ್ರೆಸ್ಸಿಂಗ್ ಎಂದರೆ ಪ್ರಾಣವಾಗಿತ್ತೆಂದು ನೆನೆದು ಅತ್ತರು ಎಂದು ಹೇಳಿ ನಿಂತಳು. ಆರ್ಲೀಟಾ ಮಾಡಿಕೊಡುತ್ತೇನೆ ಎಂದರು. ಇವತ್ತು ಬೆಳಿಗ್ಗೆಯೇ ಲಾಂಡ್ರಿಗೆ ಬಂದು ಕೂತಿರುವ ಹೋಯ್ಟ್‌ಗೆ ಈಗಲೂ ಸಿಟ್ಟಿದೆ.

"ಮೆಟ್ಟಿಲ ಮೇಲೆ ಪಾತ್ರೆ ಇಡಿಸಿದೋಳು ಅವಳೇ ತಾನೇ? ಬೇಡ ಅನ್ಬೇಕಿತ್ತು ನೀನು."

"ಗಂಡ ಸತ್ತಿದ್ದಾನೆ ಅವಳಿಗೆ. ಊಟ ಹಾಕೋ ಮುಂಚೆ ನೀನೇನು ನಂಬ್ತೀಯ ಅಂತ ಕೇಳೋಕೆ ನಾನೇನು ಚರ್ಚಾ?"

ಬೆಳಕು ಹರಿದಿದೆ. ಕಾರ್ಖಾನೆಯವರ ಮೊದಲ ಒಗೆತ ಮುಗಿಯುವ ಹೊತ್ತಿಗೆ ಕೆಂಡ್ರಾಳ ಕಾರು ಬಂದು ನಿಲ್ಲುತ್ತದೆ. ಅವಳ ತೋಳಿನ ಕೆಳಗೆ ಒಂದು ಹೊಸ ಅಲ್ಯೂಮಿನಿಯಂ ತಟ್ಟೆ ಇದೆ. ಟವೆಲ್ ಬಿಚ್ಚಿ ಮೂಸಿ, "ದೇವರೇ, ಎಂಥಾ ಘಮ!" ಎನ್ನುತ್ತಾಳೆ. ಮುಚ್ಚಳದ ಮೇಲಿನ ಬಿಳಿ ಟೇಪು ಕಾಣುತ್ತದೆ. ದನಿ ತಗ್ಗುತ್ತದೆ.

"ಆರ್ಲೀಟಾ ಅವರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಹೆಸರು ನೋಡಿದ್ರೆ ಕೆಲವರು ಮುಟ್ಟಲ್ಲ. ಈ ತಟ್ಟೆಗೆ ಸುರಿದುಕೊಟ್ಟುಬಿಡಿ. ಇಲ್ಲಾಂದ್ರೆ ಆ ಟೇಪಾದ್ರೂ ಕಿತ್ತುಬಿಡಿ. ಯಾರು ಮಾಡಿದ್ದು ಅಂತ ನೆಲ್ಡಾ ಅವರಿಗೆ ನಾನೇ ಮೆಲ್ಲಗೆ ಹೇಳ್ತೀನಿ."

"ಇಲ್ಲ ಮಗಳೇ."

"ಒಂದು ಟೇಪು ತಾನೇ?"

ಮೂಲೆಯ ಕುರ್ಚಿಯಲ್ಲಿ ಹೋಯ್ಟ್ ಪತ್ರಿಕೆ ಕೆಳಗಿಳಿಸುತ್ತಾರೆ. ಆರ್ಲೀಟಾ ಮೇಜಿನ ಬಳಿ ಬಂದು, ಬಿಸಿಗೆ ಅಂಚಿನಲ್ಲಿ ಎದ್ದಿದ್ದ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸುತ್ತಾರೆ. ಟವೆಲ್ ಸುತ್ತಿ ಗಂಟು ಹಾಕುತ್ತಾರೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಂಡ್ರಾಳ ಮುಂದೆ ಹಿಡಿಯುತ್ತಾರೆ.

"ಹೆಸರು ಕೀಳಲ್ಲ. ಒಯ್ಯೋದಾದ್ರೆ ಹೀಗೇ ಒಯ್ಯಿ. ಆಮೇಲೆ ನೆಲ್ಡಾಗೆ ಹೇಳು, ಈ ಸಲ ಖಾಲಿ ಕಳಿಸಬೇಡ ಅಂತ."